ಯವನಿ ಒಂಟಿಯಾಗಿ ದಾಟಿದ ಬಾಗಿಲು

ಬಹಳ ಹಿಂದೆ, ಕಣ್ಣಿಗೆ ಕಾಣದಷ್ಟು ಪುಟ್ಟದಾದ ಒಂದು ರಾಜ್ಯವಿತ್ತು. ಅದರ ಹೆಸರು ಜೀವಕೋಶ. ಸುತ್ತಲೂ ಎಣ್ಣೆಯ ಕೋಟೆ. ಅಲ್ಲಿ ಪೊಟ್ಯಾಸಿಯಂ ಕುಲದ ಯವನಿ ಎಂಬ ಹುಡುಗಿ ಇದ್ದಳು. ನೀರಿನ ಹುಡುಗಿಯರು ಸದಾ ಅವಳನ್ನು ಸುತ್ತುವರಿದು ಕೈಹಿಡಿದಿರುತ್ತಿದ್ದರು. ಅವರಲ್ಲಿ ತುಂತುರಿ ಎಂಬವಳು ಅವಳಿಗೆ ಅಚ್ಚುಮೆಚ್ಚು.

ನಗಾರಿ ಮೊಳಗಿದರೆ ಆ ರಾಜ್ಯವೆಲ್ಲ ಕಂಪಿಸುತ್ತಿತ್ತು. ಪೊಟ್ಯಾಸಿಯಂ ಕುಲದವರು ಕೋಟೆಯ ಕಿರುಬಾಗಿಲಿನಿಂದ ಹೊರಗೆ ಹೋದರೆ ಮಾತ್ರ ಕಂಪನ ಅಡಗುತ್ತಿತ್ತು. ಒಮ್ಮೆ ಚೇಳಿನ ಮೈಯ ಮಾಂತ್ರಿಕ ಕೊಂಡಿಗ ಬಂದು, ಆ ಬಾಗಿಲಿಗೆ ಹೊರಗಿನಿಂದ ಕೊಂಡಿ ತೂರಿಸಿ ಕುಳಿತುಬಿಟ್ಟ. ನಡುಕ ನಿಲ್ಲಲೇ ಇಲ್ಲ. ತೊಟ್ಟಿಲ ಕೂಸುಗಳೂ ಕಣ್ಣು ಮುಚ್ಚಲಿಲ್ಲ.

"ಒಳಗಿನಿಂದ ಅವನನ್ನು ನೂಕುವವರು ಯಾರಿದ್ದೀರಿ?" ಎಂದು ರಾಜ ಸ್ಪಂದಸೇನ ಕೇಳಿದ.

ಸೋಡಿಯಂ ಕುಲದ ಲವಣಾಂಗ ಮುಂದೆ ಬಂದ. "ನಾನು ಯವನಿಗಿಂತ ಸಣ್ಣವನು, ಸುಲಭವಾಗಿ ನುಸುಳುತ್ತೇನೆ" ಅಂದ. ಬಾಗಿಲು ಇಕ್ಕಟ್ಟು, ಅವನು ತನ್ನ ನೀರಿನವರ ಕೈಬಿಟ್ಟು ಒಳಹೊಕ್ಕ. ನಾಲ್ಕೂ ಕಡೆಯಿಂದ ಬಾಗಿಲು ಕಾಯುವ ಆಮ್ಲಜನಕದ ಕಾವಲುಗಾರರು ಕೈಚಾಚಿದರು.

"ನಮ್ಮ ಕೈ ನಿನಗೆ ಎಟುಕುತ್ತಿಲ್ಲ ತಮ್ಮಾ."

ಯಾರ ಆಸರೆಯೂ ಇಲ್ಲದೆ ಅವನಿಂದ ನಿಲ್ಲಲಾಗಲಿಲ್ಲ. ಓಡಿ ಬಂದು ನೀರಿನವರ ತೆಕ್ಕೆಗೆ ಬಿದ್ದ.

"ನಾನು ಹೋಗುತ್ತೇನೆ" ಅಂದಳು ಯವನಿ.

"ನಮ್ಮನ್ನು ಬಿಟ್ಟಾ?" ಅಂದಳು ತುಂತುರಿ.

ಯವನಿ ಒಂದೊಂದೇ ಕೈ ಬಿಡಿಸಿಕೊಂಡಳು. ತುಂತುರಿಯ ಕೈಯನ್ನು ಕೊನೆಯಲ್ಲಿ ಬಿಟ್ಟಳು. ಕಾವಲುಗಾರರು ಅವಳನ್ನು ಹಿಡಿದರು. ಗೆಳತಿಯರದೇ ಅಳತೆಯ ಹಿಡಿತ. ಒಬ್ಬರ ಹಿಂದೆ ಒಬ್ಬರು ಮಾತ್ರ ಸಾಗುವ ದಾರಿ ಅದು. ಕೈ ಬಿಟ್ಟರೂ ತುಂತುರಿ ತಾನೇ ಹಿಂದಿನಿಂದ ಬರುತ್ತಿದ್ದಳು. ತಿರುಗಿ ನೋಡಲು ಜಾಗವಿರಲಿಲ್ಲ.

"ಒಬ್ಬಳೇ ಬಂದೆಯಾ?" ಎಂದು ಕೊಂಡಿಗ ನಕ್ಕ.

ಪೊಟ್ಯಾಸಿಯಂ ಕುಲದವರು ತಮ್ಮಂಥವರು ಹತ್ತಿರ ಬಂದರೆ ದೂರ ತಳ್ಳುತ್ತಾರೆ. ಅದು ಅವರ ಹುಟ್ಟುಗುಣ. ಕೊಂಡಿಯ ತುದಿಗೂ ಅದೇ ಗುಣವಿತ್ತು. ಯವನಿ ನೂಕಿದಳು; ಕೊಂಡಿ ಕದಲಲಿಲ್ಲ. ಮತ್ತೆ ನೂಕಿದಳು, ಕೊಂಡಿ ನಡುಗಿತು. ಅಷ್ಟರಲ್ಲಿ ತುಂತುರಿಯ ಹಿಂದೆ ಯವನಿಯ ಕುಲದ ಮುದುಕಿಯೊಬ್ಬಳು ದಾರಿಗಿಳಿದಳು. ಅವಳ ತಳ್ಳು ತುಂತುರಿಯನ್ನು ದಾಟಿ ಯವನಿಯ ಬೆನ್ನಿಗೆ ತಾಗಿತು. ಮೂರನೆಯ ಸಲ ಯವನಿ ನೂಕಿದಾಗ ಕೊಂಡಿ ಕಿತ್ತುಬಂತು. ಕೊಂಡಿಗ ಹೊರಗಿನ ಉಪ್ಪುಕಡಲಲ್ಲಿ ಕೊಚ್ಚಿಹೋದ.

ಅವಳ ಕುಲದವರು ಸಾಲಾಗಿ ಹೊರಬಂದು ಕಡಲಲ್ಲಿ ಚದುರಿದರು. ರಾಜ್ಯದ ನಡುಕ ಅಡಗಿತು. ಕೂಸುಗಳು ನಿದ್ದೆಹೋದವು.

ಕಡಲಲ್ಲಿ ಗುರುತಿಲ್ಲದ ನೀರಿನವರು ಯವನಿಯನ್ನು ಸುತ್ತುವರಿದರು. "ತುಂತುರೀ!" ಎಂದು ಅವಳು ಕೂಗಿದಳು. ತುಂತುರಿ ಆಗಲೇ ಅಲೆಗಳಲ್ಲಿ ಬೆರೆತುಹೋಗಿದ್ದಳು. ನೀರು ಒಂದೆಡೆ ನಿಲ್ಲುವುದಿಲ್ಲವಲ್ಲ.

ಕೊನೆಗೆ, ಹೊರಹೋದವರನ್ನು ಮರಳಿ ಕರೆತರುವ ಕೋಟೆಯ ಅಂಬಿಗ ಬಂದು ಅವಳನ್ನು ಒಳಗೆ ದಾಟಿಸಿದ. ಜನ ಹೂವು ಎರಚಿದರು, ರಾಜ ಎದ್ದು ನಿಂತ. ಆಮೇಲೆ ಆ ರಾಜ್ಯದವರೆಲ್ಲ ಕಣ್ತುಂಬ ನಿದ್ದೆ ಮಾಡಿ ನೆಮ್ಮದಿಯಿಂದ ಬಾಳಿದರು. ಯವನಿಯೂ ಬಾಳಿದಳು. ಹೊಸ ಗೆಳತಿಯರು ಬಂದು ಕೈಹಿಡಿದಾಗಲೆಲ್ಲ ಅವಳು ಮೊದಲು ಅವರ ಹೆಸರು ಕೇಳುತ್ತಿದ್ದಳು.