ಕವನಾ ಹೆಸರಿನ ನೂರಾ ಒಂದು

ಬೆಳಗ್ಗೆ ಕಾಫಿ ಲೋಟ ಹಿಡಿದು ಫೋನ್ ನೋಡಿದ ಸಂಘಮಿತ್ರಾ ಕುಡಿಯದೆಯೇ ಲೋಟ ಕೆಳಗಿಟ್ಟಳು. ಅವಳ ಆನ್‌ಲೈನ್ ಪತ್ರಿಕೆಗೆ ಓದುಗರ ದುಡ್ಡು ದಾಟಿಸುತ್ತಿದ್ದ ಪೇಮೆಂಟ್ ಕಂಪನಿ ಖಾತೆಯನ್ನೇ ಮುಚ್ಚಿತ್ತು. ಕಾರಣ? 'ಅನುಮಾನಾಸ್ಪದ ವ್ಯವಹಾರ.' ಪತ್ರಿಕೆ ನಡೆಸುವ ಸರ್ವರ್‌ನ ಬಾಡಿಗೆ ಕಟ್ಟಲು ಅಂದೇ ಸಂಜೆ ಕೊನೆ. ಕೈಯಿಂದ ಕಟ್ಟೋಣವೆಂದರೆ ಅದೂ ಆ ಕಂಪನಿಯ ಮೂಲಕವೇ ಹೋಗಬೇಕು— ಅಲ್ಲಿ ಅವಳ ಹೆಸರಿಗೇ ತಡೆ. ಪತ್ರಿಕೆ ನಿಂತರೆ ಕವನಾಳ ದನಿಯೂ ನಿಂತ ಹಾಗೆ.

ಕವನಾ ಶ್ರೀಗಂಧದ ಕಾವಲ್‌ನ ಗಾರ್ಮೆಂಟ್ಸ್ ಹುಡುಗಿ. ಫ್ಯಾಕ್ಟರಿ ಬಾಗಿಲಿಗೆ ಹೊರಗಿನಿಂದ ಬೀಗ ಜಡಿಯುತ್ತಾರೆಂದು ಪತ್ರಿಕೆಗೆ ಮಾತಾಡಿ ರೆಕಾರ್ಡ್ ಮಾಡಿಸಿದ್ದಳು. ಮೂರೇ ವಾರಕ್ಕೆ, ಪಾಪ, ಅದೇ ಬಾಗಿಲ ಹಿಂದೆ ಹೊಗೆಗೆ ಉಸಿರುಕಟ್ಟಿ ಸತ್ತಳು. ಅವಳ ದನಿ ಈಗ ಪತ್ರಿಕೆಯಲ್ಲಿ ಮಾತ್ರ ಕೇಳಸಿಗುತ್ತಿತ್ತು.

"ಖಾತೆ ಮುಚ್ಚಿಸಿದ್ದು ಇನ್ಯಾರು ಸಾರ್? ಫ್ಯಾಕ್ಟರಿ ಓನರ್ ಭೈರೇಶಂದೇ ಕೆಲಸ," ಎಂದಳು ಸಂಘಮಿತ್ರಾ, ಕೆಳಮನೆಯ ವೆಂಕಟಸ್ವಾಮಿಯವರ ಮುಂದೆ ಕೂತು. ಪೊಲೀಸ್ ಕ್ರೈಂ ವಿಭಾಗದಲ್ಲಿ ಮೂವತ್ತು ವರ್ಷ ಸವೆಸಿ ರಿಟೈರ್ ಆದವರು ಅವರು.

"ಕಂಪನಿಯವರು ಏನಂತಾರೆ?"

"ಮಾತಾಡೋಕೆ ಮನುಷ್ಯರೇ ಸಿಗಲ್ಲ. ಎಷ್ಟು ಮೇಲ್ ಹಾಕಿದ್ರೂ ಒಂದೇ ಉತ್ತರ— ನಿರ್ಧಾರ ಅಂತಿಮ."

"ಅನುಮಾನ ಬಂದಿದ್ದು ಯಾವುದಕ್ಕೆ?"

ಅವಳು ಪಟ್ಟಿ ತೋರಿಸಿದಳು. ಭಾನುವಾರ ಮಧ್ಯಾಹ್ನ ನಲವತ್ತು ನಿಮಿಷದಲ್ಲಿ ಹದಿನೆಂಟು ಪಾವತಿ. ಖಾತೆ ಒಂದೇ, ಯಾರದೆಂದು ಕಂಪನಿ ಹೇಳದು. ಹೆಸರು ಮಾತ್ರ ಹದಿನೆಂಟು. ಮೊದಲನೆಯದು— ಕವನಾ.

"ಖಾತೆ ಮುಚ್ಚಿಸೋಕೆ ಅವನೇ ಹಾಕ್ಸಿರೋದು. ಸತ್ತೋಳ ಹೆಸರಲ್ಲೂ ಆಟ ಆಡ್ತಾನೆ ಸಾರ್."

"ಎಷ್ಟೆಷ್ಟು ಕಳ್ಸಿದಾರೆ?"

"ಎಲ್ಲಾ ನೂರಾ ಒಂದು."

ವೆಂಕಟಸ್ವಾಮಿ ಕನ್ನಡಕ ತೆಗೆದು ಪಟ್ಟಿಯ ಮೇಲಿಟ್ಟರು.

"ಕೇಡು ಮಾಡೋನು ಮೇಲೊಂದು ರೂಪಾಯಿ ಇಡ್ತಾನೇನಮ್ಮ? ಇದು ಮುಯ್ಯಿ ಪಟ್ಟಿ. ಮದುವೆ ಮನೆಗೆ ಒಬ್ರೇ ಹೋದ್ರೂ, ದುಡ್ಡು ಕೊಟ್ಟು ಕಳ್ಸಿದೋರ ಹೆಸರನ್ನ ಬೇರೆಬೇರೆ ಬರೆಸ್ತೀವಿ ತಾನೆ? ಹಂಗೇ ಯಾರೋ ಅಕ್ಕಪಕ್ಕದ ಮನೆ ಹೆಂಗಸರ ಹತ್ರ ನಗದು ಎತ್ತಿ, ತಮ್ಮ ಫೋನಿಂದ ಒಬ್ಬೊಬ್ಬರ ಹೆಸರಲ್ಲೂ ಹಾಕಿದಾರೆ. ಕಂಪನಿಯ ಯಂತ್ರಕ್ಕೆ ಅದು ಮೋಸದ ಹಾಗೆ ಕಂಡಿದೆ. ಈಗ ಹೇಳು— ಕವನಾ ಹೆಸರನ್ನ ಎಲ್ಲರಿಗಿಂತ ಮೊದಲು ಬರೆಸೋರು ಯಾರು?"

ಸಂಘಮಿತ್ರಾ ಪಟ್ಟಿಯ ಮೊದಲ ಹೆಸರಿನ ಮೇಲೆ ಬೆರಳಿಟ್ಟಳು.

"ಅವಳ ತಾಯಿ... ಅಕ್ಕಯ್ಯಮ್ಮ."

"ಕಳ್ಸಿದ್ದು ಆಯಮ್ಮ. ತಪ್ಪು ಆಯಮ್ಮಂದಲ್ಲ. ಒಂದು ಮಾತೂ ಕೇಳದೆ ನಿನ್ನ ಬಾಯಿ ಮುಚ್ಚಿಸಿದ್ದು ಕಂಪನಿ. ಭೈರೇಶ್ ಒಂದು ಬೆರಳೂ ಎತ್ಲಿಲ್ಲ ನೋಡು." ಅವರು ನಿಟ್ಟುಸಿರು ಬಿಟ್ಟರು. "ಕಳ್ಳ ಯಾರು ಅಂತ ಗೊತ್ತು. ಹಿಡಿಯೋಕೆ ನನಗೆ ಸೆಕ್ಷನ್ ಗೊತ್ತಿಲ್ಲ."

ಸಂಜೆ ಐದಕ್ಕೆ ಪತ್ರಿಕೆ ನಿಂತಿತು. ಹತ್ತು ನಿಮಿಷಕ್ಕೆ ಅಕ್ಕಯ್ಯಮ್ಮನ ಫೋನ್.

"ಏನವ್ವ, ನನ್ನ ಮಗಳ ಮಾತು ಬರ್ತಾನೇ ಇಲ್ಲ? ದುಡ್ಡು ಸಾಲದೇ ಹೋಯ್ತಾ? ಇನ್ನೂ ಏಳು ಜನ ಕೊಟ್ಟವ್ರೆ. ಕಳಿಸ್ಲಾ?"

ಸಂಘಮಿತ್ರಾಳಿಗೆ ನಿಜ ಹೇಳಲು ನಾಲಿಗೆ ಏಳಲಿಲ್ಲ.

"ಬೇಡ ಅಮ್ಮ. ಮಿಷನ್ ಕೆಟ್ಟಿದೆ, ಅಷ್ಟೆ."

"ಹಂಗಾದ್ರೆ ಪಟ್ಟಿ ಬರೆದಿಟ್ಕೊಂಡಿರ್ತೀನಿ ಕಣವ್ವ," ಎಂದರು ಅಕ್ಕಯ್ಯಮ್ಮ. "ಈ ಸಲಾನೂ ಮೊದಲು ಅವಳ ಹೆಸರೇ."