ಹದಿನೇಳನೇ ಟ್ರೇಲರಿನ ಫರ್ನೇಸ್ ಬಾಗಿಲು

೧೯೮೮ರ ಜನವರಿ ಹದಿನಾಲ್ಕು, ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಮಿನೆಸೋಟಾದ ಟ್ಯಾಮರಾಕ್ ಕೌಂಟಿ ಶೆರಿಫ್ ಠಾಣೆಗೆ ದೂರು ಬಂತು. ಟ್ರೇಲರ್ ಮನೆಗಳ ಕಾಲೊನಿಯ ಹದಿನೇಳನೇ ಮನೆಯಲ್ಲಿ, ಮನೆ ಬೆಚ್ಚಗಿಡುವ ಗ್ಯಾಸ್ ಒಲೆಯ, ಅಂದರೆ ಫರ್ನೇಸಿನ, ಬಾಗಿಲು ಕಳುವಾಗಿತ್ತು.

"ಮನೆಬಾಗಿಲಲ್ವಂತೆ, ಫರ್ನೇಸ್ ಬಾಗಿಲಂತೆ!" ಡೆಪ್ಯುಟಿ ಕೊಸ್ಕಿ ನಕ್ಕ. "ನಾಳೆ ಚಿಮಣೀನೂ ಹೊತ್ಕೊಂಡ್ ಹೋಗ್ತಾರೆ, ಮೇಡಂ."

ತನಿಖಾಧಿಕಾರಿ ವರ್ನಾ ಹೌಗನ್ ನಗಲಿಲ್ಲ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಬಾಗಿಲಿಲ್ಲದೆ ಫರ್ನೇಸ್ ಹಚ್ಚಿದರೆ ಉರಿಯ ವಿಷಗಾಳಿ ಮನೆಯೊಳಗೇ ಸುತ್ತುತ್ತದೆ. ಹಚ್ಚದಿದ್ದರೆ ಸಂಜೆಯೊಳಗೆ ಕೊಳವೆಯ ನೀರು ಹೆಪ್ಪುಗಟ್ಟುತ್ತದೆ.

ದೂರು ಕೊಟ್ಟ ಟ್ರೇಸಿ ಬೊಯೆ ಮನೆಯ ಮುಂದೆ ಕೂಸನ್ನು ಕೋಟಿನೊಳಗೆ ಅವಚಿಕೊಂಡು ನಿಂತಿದ್ದಳು. "ಇಂಥ ಹಳೇ ಫರ್ನೇಸಿಗೆ ಬಾಗಿಲು ತರಿಸೋಕೆ ಎರಡು ವಾರ ಅಂತೆ. ಇವಳಿಗಿನ್ನೂ ಮೂರೇ ತಿಂಗಳು ಕಣ್ರೀ."

ಹನ್ನೆರಡು ಐವತ್ತಕ್ಕೆ ಮಹಜರು. ಮನೆಯ ಬೀಗ ಮುರಿದಿಲ್ಲ. ಗ್ಯಾಸ್ ಮುಚ್ಚಿದೆ, ಸ್ವಿಚ್ ಆರಿಸಿದೆ. ನಾಲ್ಕು ಸ್ಕ್ರೂಗಳು ಒಂದು ಲೋಟದಲ್ಲಿವೆ. ಫರ್ನೇಸಿನ ಸುತ್ತ ಧೂಳು ಗುಡಿಸಿದೆ. ಗೋಡೆಗೆ ಒರಗಿಸಿ, ಗಾಳಿ ಸೋಸುವ ಹೊಸ ಫಿಲ್ಟರ್ ಇಟ್ಟಿದೆ.

"ಗುಡಿಸಿ ಹೋಗೋ ಕಳ್ಳ! ನಮ್ಮನೆಗೂ ಒಂದ್ಸಲ ಬರಲಪ್ಪ," ಎಂದ ಕೊಸ್ಕಿ.

ವರ್ನಾ ಟ್ರೇಸಿಯತ್ತ ತಿರುಗಿದಳು. "ಮೊದಲು ಇಲ್ಲಿ ಯಾರಿದ್ರು?"

"ತೊಯ್ವೊ ಮಾಟಿಲಾ. ಹೋದ ವರ್ಷ ತೀರ್ಕೊಂಡ್ರು. ಮಗಳು ಲೋರ್ನಾ ಮನೆ ಮಾರಿದ್ಲು."

"ಬೀಗ ಬದಲಾಯಿಸಿದ್ರಾ?"

"ಇಲ್ಲ. ಬೆಳಿಗ್ಗೆ ಕೂಸನ್ನ ಕರ್ಕೊಂಡು ಹೊರಗೆ ಹೋಗಿದ್ದೆ."

"ಆ ಬಾಗಿಲನ್ನ ಯಾರಾದ್ರೂ ಕೇಳಿದ್ರಾ?"

ಟ್ರೇಸಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಫಿಲ್ಟರ್ ಬದಲಿಸಿದ ತಾರೀಖನ್ನು ಬಾಗಿಲಿನ ಒಳಮೈ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು ಕಾಲೊನಿಯವರ ರೂಢಿ. "ಭಾನುವಾರ ಚರ್ಚಲ್ಲಿ ಲೋರ್ನಾಗೆ ನಾನೇ ಹೇಳ್ದೆ, ನಿಮ್ಮಪ್ಪ ತಾರೀಖಿನ ಜೊತೆ ನಿನ್ನ ಹೆಸರೂ ಗೀಚಿದ್ದಾರೆ ಅಂತ. ಒಂದ್ ದಿನ ಬಾಗಿಲು ಕೊಡಿ ಅಂತ ಅಂಗಲಾಚಿದ್ಲು. ಈ ಚಳೀಲಿ ತಲೆ ಕೆಟ್ಟಿದ್ಯಾ ಅಂತ ಬೈದೆ."

ಎರಡು ಇಪ್ಪತ್ತಕ್ಕೆ ಲೋರ್ನಾಳ ಕೋಣೆ. ಬಾಗಿಲು ಮೇಜಿನ ಮೇಲಿತ್ತು, ಪಕ್ಕದಲ್ಲೊಂದು ನೋಟ್‌ಬುಕ್.

"ತಂದಿದ್ದು ನೀವೇನಾ?"

"ನಾನೇ. ಹಳೇ ಬೀಗದ ಕೈ ನನ್ನ ಹತ್ರಾನೇ ಇತ್ತು. ಅಪ್ಪ ಬರೆದಿದ್ದನ್ನ ಬರ್ಕೊಂಡು ಹನ್ನೊಂದಕ್ಕೆಲ್ಲ ವಾಪಸ್ ಹಾಕೋಣ ಅಂತಿದ್ದೆ." ಅವಳು ಗಡಿಯಾರ ನೋಡಿ ಬೆಚ್ಚಿದಳು. "ಅಯ್ಯೋ, ಕೂಸು!"

ವರ್ನಾ ಬಗ್ಗಿ ಓದಿದಳು. *ಅಕ್ಟೋಬರ್ ೧೨. ಹೊಸ ಫಿಲ್ಟರ್. ಲೋರ್ನಾ ಹುಟ್ಟಿದ ದಿನ. ನವೆಂಬರ್ ೨೦. ಫಿಲ್ಟರ್. ಕ್ರಿಸ್‌ಮಸ್ ಹಬ್ಬಕ್ಕೆ ಬರಬಹುದು, ಅವಳ ಕೋಣೆಗೆ ಶಾಖ ಬಿಟ್ಟಿದ್ದೇನೆ. ಡಿಸೆಂಬರ್ ೨೬. ಫಿಲ್ಟರ್. ಬರಲಿಲ್ಲ. ದಾರಿಯಲ್ಲಿ ಹಿಮ ಹೆಚ್ಚು.* ಹೀಗೆಯೇ ಹನ್ನೊಂದು ಚಳಿಗಾಲ.

ಎರಡು ಮೂವತ್ತೈದಕ್ಕೆ ಬಂಧನ. ಮೂರು ಗಂಟೆಗೆ ಆರೋಪಿಯ ಕೈಯಿಂದಲೇ ಬಾಗಿಲನ್ನು ಹದಿನೇಳನೇ ಮನೆಗೆ ತರಿಸಲಾಯಿತು. ಆ ಮನೆಯಲ್ಲೇ ಬೆಳೆದ ಅವಳೊಬ್ಬಳಿಗೇ ಆ ಹಳೇ ಫರ್ನೇಸಿನ ಪಟ್ಟು ಗೊತ್ತಿತ್ತು. ಹೊಸ ಫಿಲ್ಟರ್ ಕೂರಿಸಿ, ಅಂಚಿನ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿ, ನಾಲ್ಕೂ ಸ್ಕ್ರೂ ಬಿಗಿದು ಉರಿ ಹಚ್ಚಿದಳು. ನೆಲದ ಕಿಂಡಿಗಳಿಂದ ಬೆಚ್ಚನೆ ಗಾಳಿ ಮೇಲೆದ್ದಿತು. ಟ್ರೇಸಿ ಕೂಸಿನ ಟೋಪಿ ತೆಗೆದಳು.

ಲೋರ್ನಾ ಹೇಳಿಕೆ ಕೊಟ್ಟಳು: "ಹನ್ನೊಂದು ವರ್ಷ ಮಾತು ಬಿಟ್ಟಿದ್ವಿ. ಅಪ್ಪಂಗೆ ನನ್ನ ಮುಖ ನೋಡೋಕೂ ಇಷ್ಟವಿಲ್ಲ ಅಂದ್ಕೊಂಡಿದ್ದೆ."

ನೋಟ್‌ಬುಕ್ಕನ್ನು ವರ್ನಾ ಅವಳಿಗೇ ಮರಳಿಸಿದಳು. ಕೃತ್ಯದ ಕಾರಣ ಎಂಬಲ್ಲಿ ಹೀಗೆ ಬರೆದಳು: ತಂದೆಯ ಬರಹವನ್ನು ಕೊನೆಯವರೆಗೆ ಓದುವ ಆಸೆ. ಬಾಗಿಲು ಮುಚ್ಚುವಾಗ ಆರೋಪಿಗೆ ಓದಲು ಇನ್ನೂ ಎರಡು ಚಳಿಗಾಲ ಬಾಕಿಯಿತ್ತು.