ಆರು ತಿಂಗಳ ಭಕ್ತ

ನಮ್ಮ ಥಾರ್ನಿಂಗ್‌ಹ್ಯಾಮ್ ಚರ್ಚಿಗೆ ಎಂಟುನೂರು ವರ್ಷ. ಭಾನುವಾರದ ಪ್ರಾರ್ಥನೆಗೆ ಬರುವವರು ಒಂಬತ್ತು ಜನ. ಆದರೆ ಇಲ್ಲಿ ಮದುವೆಯಾಗಿ ಫೋಟೊ ತೆಗೆಸಿಕೊಳ್ಳಬೇಕು ಎನ್ನುವವರಿಗೆ ಲೆಕ್ಕವೇ ಇಲ್ಲ. ಪರ ಊರಿನವರಾದರೆ ಆರು ತಿಂಗಳು ಪ್ರಾರ್ಥನೆಗೆ ಬಂದು ಹಕ್ಕು ಗಳಿಸಬೇಕು. ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂತು ಫೋನ್ ನೋಡುತ್ತಾರೆ, ಮದುವೆಯಾದ ಮೇಲೆ ನಾಪತ್ತೆ. ಅವರು ಮದುಮಕ್ಕಳ ಮೇಲೆ ಅಕ್ಷತೆಯ ಹಾಗೆ ಎರಚಿ ಹೋದ ಬಣ್ಣದ ಕಾಗದದ ಚೂರುಗಳನ್ನು ಸಮಾಧಿಗಳ ನಡುವಿನಿಂದ ಹೆಕ್ಕುವವಳು ನಾನು, ಹೆಸ್ಟರ್ ಗ್ಯಾರಡ್, ಈ ಚರ್ಚಿನ ಉಸ್ತುವಾರಿ. ಇಂಥವರಿಗೆ ನಾನಿಟ್ಟ ಹೆಸರು ‘ಆರು ತಿಂಗಳ ಭಕ್ತರು’.

ಕ್ಲೆಮೆಂಟ್ ಕಟಿಂಗ್ ಮಾರ್ಚ್ ತಿಂಗಳ ಒಂದು ಶನಿವಾರ ಬಂದ. ನಾನು ಬಾವಲಿಗಳ ಹಿಕ್ಕೆ ಗುಡಿಸುತ್ತಿದ್ದೆ. ನಮ್ಮ ಸೂರಿನ ಬಾವಲಿಗಳಿಗೆ ಕಾನೂನಿನ ರಕ್ಷಣೆ ಇದೆ, ಗುಡಿಸುವವಳಿಗಿಲ್ಲ. ಒಳ್ಳೆಯ ಕೋಟು, ಹೊಳೆಯುವ ಬೂಟು, ಕಂಬಗಳನ್ನು ನೋಡಿ ಬಾಯಿ ಬಿಟ್ಟುಕೊಂಡ ಮುಖ. ನನಗೆ ಅಷ್ಟೇ ಸಾಕಾಯಿತು.

“ಮದುವೆ ತಾನೆ?” ಎಂದೆ.

“ಅದು... ನಾನು...”

“ಆರು ತಿಂಗಳು. ಪ್ರತಿ ಭಾನುವಾರ. ಹೀಟರ್ ಕೆಟ್ಟಿದೆ. ಕಾಗದದ ಚೂರು ಎರಚೋ ಹಾಗಿಲ್ಲ. ಒಪ್ಪಿಗೇನಾ?”

ಅವನು ನನ್ನ ಕೈಯ ಪೊರಕೆ ನೋಡಿದ, ತಲೆಗೆ ಕಟ್ಟಿದ ಬಟ್ಟೆ ನೋಡಿದ, ಆಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನನ್ನ ಕಣ್ಣು ನೋಡಿದ.

“ಒಪ್ಪಿಗೆ,” ಎಂದ.

ಮರುದಿನ ಬಂದು ಸರಿಯಾಗಿ ಬಾವಲಿಗಳ ತೊಲೆಯ ಕೆಳಗೇ ಕೂತ. ಅಲ್ಲಿ ಕೂರಬೇಡಿ ಎಂದು ನಾನು ಹೇಳಲಿಲ್ಲ. ಎರಡನೆಯ ಹಾಡಿಗೆ ಅವನ ಹಾಡಿನ ಪುಸ್ತಕದ ಮೇಲೆ ಹಿಕ್ಕೆ ಬಿತ್ತು. ಅವನು ಮೆಲ್ಲಗೆ ಪುಸ್ತಕ ಮುಚ್ಚಿ ನನ್ನತ್ತ ತಿರುಗಿ ಒಂದು ಹುಬ್ಬು ಮಾತ್ರ ಏರಿಸಿದ. ನಗು ಮುಚ್ಚಿಕೊಳ್ಳಲು ನಾನು ಕೆಮ್ಮಬೇಕಾಯಿತು.

“ಎಲ್ಲಿ ನಿಮ್ಮ ಮದುಮಗಳು?” ಎಂದು ಪ್ರತಿ ವಾರ ಬಾಗಿಲಲ್ಲಿ ಕೇಳುತ್ತಿದ್ದೆ.

“ಬರ್ತಾಳೆ.”

“ಭಾನುವಾರ ಹಾಸಿಗೆ ಬಿಟ್ಟು ಏಳೋಕಾಗಲ್ವಂತಾ ಮಹಾರಾಣಿಗೆ?”

“ಸ್ವಲ್ಪ ಸಿಟ್ಟಿನ ಸ್ವಭಾವ. ನಿಧಾನವಾಗಿ ಕೇಳ್ಬೇಕು.”

“ನಿಮ್ಮನ್ನ ಕಟ್ಕೊಳ್ಳೋವಳಿಗೆ ಸಿಟ್ಟು ಬರದೆ ಇನ್ನೇನು ಬರುತ್ತೆ?”

ಅವನು ನಗುತ್ತಿದ್ದ. ಬೈಸಿಕೊಂಡು ಅಷ್ಟು ಸಂತೋಷಪಡುವ ಗಂಡಸನ್ನು ನಾನು ಕಂಡಿರಲಿಲ್ಲ. ಬೇಸಿಗೆಯ ಹೊತ್ತಿಗೆ ಹೊಳೆಯುವ ಬೂಟು ಬಿಟ್ಟು ರಬ್ಬರ್ ಬೂಟಿನಲ್ಲಿ ಬರತೊಡಗಿದ, ಪ್ರಾರ್ಥನೆ ಮುಗಿದ ಮೇಲೆ ಹುಲ್ಲು ಕತ್ತರಿಸತೊಡಗಿದ. ನಾನು ಭಾನುವಾರಗಳಂದು ನೀಲಿ ಕಾರ್ಡಿಗನ್ ಹಾಕತೊಡಗಿದೆ. ಒಂದು ದಿನ ಲಿಪ್‌ಸ್ಟಿಕ್ ಕೂಡ ಹಚ್ಚಿದೆ. ಇನ್ನೊಬ್ಬಳ ಗಂಡನಾಗುವವನಿಗಾಗಿ, ನಲವತ್ತೊಂದನೆಯ ವಯಸ್ಸಿನಲ್ಲಿ! ಥೂ, ನನ್ನ ಜನ್ಮಕ್ಕಿಷ್ಟು ಎಂದು ಬಾಗಿಲು ದಾಟುವ ಮೊದಲೇ ಒರೆಸಿಕೊಂಡೆ.

ಸೆಪ್ಟೆಂಬರಿಗೆ ಆರು ತಿಂಗಳು ತುಂಬುತ್ತಿತ್ತು. ಅವನು ಮಹಾರಾಣಿಯನ್ನು ಕರೆತಂದು, ಮದುವೆಯಾಗಿ, ಎಲ್ಲರ ಹಾಗೆ ಮಾಯವಾಗುತ್ತಾನೆ. ಚೂರು ಹೆಕ್ಕಲು ನಾನಿದ್ದೇನಲ್ಲ.

ಆ ತಿಂಗಳೇ ಪರಂಪರೆ ದಿನ ಬಂತು. ಮನೆಮನೆಯ ಹಳೆಯ ಬೈಬಲ್‌ಗಳ ಪ್ರದರ್ಶನ ಎಂದು ಸಮಿತಿಯವರು ಸಾರಿದರು. ವರ್ಷವಿಡೀ ಚರ್ಚಿನತ್ತ ತಲೆ ಹಾಕದವರೆಲ್ಲ ಅಟ್ಟದಿಂದ ಇಳಿಸಿದ ಇಟ್ಟಿಗೆ ಗಾತ್ರದ ಬೈಬಲ್‌ಗಳನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಬಂದರು. ಹಿತ್ತಾಳೆ ಕೊಂಡಿ, ಬೂಷ್ಟಿನ ವಾಸನೆ, ಒಳಗೆ ಇಲಿ ಕಡಿದ ಗುರುತು ಉಂಟು, ಓದಿದ ಗುರುತಿಲ್ಲ.

“ಇದು ನಮ್ಮ ವಂಶದ ನಿಧಿ. ಮಾರಿದ್ರೆ ಎಷ್ಟು ಬರಬಹುದು?” ಎಂದ ಒಬ್ಬ.

“ಬಾಗಿಲಿಗೆ ಅಡ್ಡ ಇಡೋಕೆ ಚೆನ್ನಾಗಿದೆ,” ಎಂದೆ.

ಕ್ಲೆಮೆಂಟ್ ಕೂಡ ಟವೆಲಿನಲ್ಲಿ ಸುತ್ತಿದ ಒಂದನ್ನು ತಂದು ಮೇಜಿನ ಮೇಲಿಟ್ಟ. ನನ್ನ ಪಕ್ಕದಲ್ಲಿ ಕೇಕ್ ಹಂಚುತ್ತಿದ್ದ ತೊಂಬತ್ತರ ಎನಿಡ್ ಅಜ್ಜಿ ತಟ್ಟೆ ಕೆಳಗಿಟ್ಟಳು.

“ಅಯ್ಯೋ ಹುಡುಗೀ, ಇದು ನಮ್ಮ ಪಕ್ಕದ್ಮನೆ ಐವಿಯ ಬೈಬಲ್ಲು!”

“ಹೇಗೆ ಹೇಳ್ತೀಯ ಅಜ್ಜಿ?”

“ಈ ದುಂಡಗಿನ ಸುಟ್ಟ ಗುರುತು ನೋಡು. ಕುದಿಯೋ ಕೆಟಲ್ ತಂದು ಇದರ ಮೇಲಿಟ್ಟಿದ್ಲು ಪುಣ್ಯಾತ್ಗಿತ್ತಿ. ಅವರಮ್ಮ ಅಂಗಳ ತುಂಬ ಅಟ್ಟಾಡಿಸಿ ಹೊಡೆದ್ರು.” ಅಜ್ಜಿ ಪೀಠದ ಮೆಟ್ಟಿಲು ತೋರಿಸಿದಳು. “ಅಲ್ಲೇ ಅವಳ ಮದುವೆ ಆಗಿದ್ದು. ಮುಸುಕಿನ ತುದಿ ಹಿಡಿದವಳು ನಾನೇ. ನೆಗಡಿ ಬೇರೆ. ಮೂಗು ಅದರಲ್ಲೇ ಒರೆಸ್ಕೊಂಡೆ.”

“ಐವಿ ನಮ್ಮಜ್ಜಿ,” ಎಂದ ಕ್ಲೆಮೆಂಟ್.

ನನ್ನ ಕೈಯ ಚಾಕು ಕೇಕಿನಲ್ಲೇ ನಿಂತಿತು. ಅಜ್ಜಿ ಇಲ್ಲಿ ಮದುವೆಯಾಗಿದ್ದರೆ ಮೊಮ್ಮಗನಿಗೂ ಇಲ್ಲಿ ಮದುವೆಯಾಗುವ ಹಕ್ಕಿರುತ್ತದೆ. ಒಂದು ಭಾನುವಾರವೂ ಬಂದು ಕೂರಬೇಕಿಲ್ಲ. ಆ ನಿಯಮ ಗೊತ್ತಿದ್ದೂ, ನಿಮ್ಮವರ ಮದುವೆ ಇಲ್ಲಿ ಆಗಿತ್ತಾ ಎಂದು ಅವತ್ತು ನಾನು ಕೇಳಿರಲಿಲ್ಲ.

ತೋಳು ಹಿಡಿದು ಅವನನ್ನು ಗಂಟೆಯ ಕೋಣೆಗೆ ಎಳೆದುಕೊಂಡು ಹೋದೆ.

“ನಿಯಮ ಗೊತ್ತಿತ್ತಾ ನಿಮಗೆ?”

“ಮೊದಲ ವಾರವೇ ಪಾದ್ರಿಯಮ್ಮ ಹೇಳಿದ್ರು.”

“ಮತ್ತೆ ಆರು ತಿಂಗಳು ಆ ಚಳಿಯಲ್ಲಿ, ಆ ಹಿಕ್ಕೆ ಕೆಳಗೆ ಯಾಕೆ ಕೂತ್ರಿ? ಮದುಮಗಳಿಗೆ ಏನು ಹೇಳ್ತಿದ್ರಿ?”

“ಮದುಮಗಳು ಇರಲೇ ಇಲ್ಲ, ಹೆಸ್ಟರ್. ಅಜ್ಜಿ ಮದುವೆಯಾದ ಜಾಗ ನೋಡೋಕೆ ಬಂದಿದ್ದೆ. ನೀವು ಬಾಯಿ ತೆಗೆಯೋಕೆ ಬಿಡಲಿಲ್ಲ.”

“ಆಮೇಲಾದ್ರೂ ಹೇಳಬಹುದಿತ್ತಲ್ಲ!”

“ಹೇಳಿದ್ರೆ ನೀವು ಬೈಯೋದು ನಿಲ್ಲಿಸಿಬಿಡ್ತಿದ್ರಿ. ನೋಡೋಕೆ ಬರೋವರ ಜೊತೆ ನೀವು ಮಾತೇ ಆಡಲ್ಲ.” ಅವನ ಕಿವಿ ಕೆಂಪಾಗಿತ್ತು. “ಬರ್ತಾಳೆ ಅಂತ ಹೇಳ್ತಿದ್ದೆನಲ್ಲ, ಅದು ಸುಳ್ಳು. ಬರ್ತೀರೋ ಇಲ್ವೋ ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.”

ಆರು ತಿಂಗಳು ನಾನು ಶಪಿಸಿದ ಆ ಮಹಾರಾಣಿ ನಾನೇ. ಸಿಟ್ಟು ಬಂತು. ಅದರ ಹಿಂದೆಯೇ ಅಳುವೂ ಬಂತು, ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

“ನೀನೊಬ್ಬ ಮೂರ್ಖ,” ಎಂದೆ.

“ಹೌದು. ಈಗ ನನಗೆ ಹಕ್ಕು ಬಂತಾ?”

“ನಿನ್ನ ಹಕ್ಕು ಯಾರಿಗೆ ಬೇಕು? ಇಬ್ಬರಲ್ಲಿ ಒಬ್ಬರಿಗಿದ್ರೆ ಸಾಕು. ನಾನು ಇದೇ ಊರಲ್ಲಿ ಹುಟ್ಟಿದವಳು.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮತ್ತೆ ಆ ಒಂದೇ ಹುಬ್ಬು ಏರಿತು. ಈ ಸಲ ನಾನು ಕೆಮ್ಮಲಿಲ್ಲ. ಮೂಲೆಯಲ್ಲಿದ್ದ ಪೊರಕೆ ತೆಗೆದು ಅವನ ಎದೆಗೆ ಒತ್ತಿದೆ.

“ಕಾಗದದ ಚೂರು ಎರಚಿಸ್ತೀನಿ,” ಎಂದೆ. “ಮೂಟೆಗಟ್ಟಲೆ. ಎಲ್ಲ ನೀನೇ ಗುಡಿಸಬೇಕು.”